ತೋಟಾ ಕೊಳ್ಳುವ ಮುನ್ನ: ವಯಸ್ಸು, ಲೈಸೆನ್ಸ್ ಪುಸ್ತಕ, ಅಂಗಡಿಯ ಕಟ್ಟುನಿಟ್ಟು

ಪಾವಗಡ, ಶಿರಾ ಕಡೆ ಕಡಲೆಕಾಯಿ ಬಲಿತು ಹಂದಿ ಹೊಲಕ್ಕೆ ನುಗ್ಗುವ ಹೊತ್ತಿಗೆ ಪೆಟ್ಟಿಗೆಯಲ್ಲಿದ್ದ ಕೋವಿ ಹೊರಗೆ ಬರುತ್ತದೆ. ಎಣಿಸಿ ನೋಡಿದರೆ ತೋಟಾ ನಾಲ್ಕೋ ಐದೋ ಉಳಿದಿರುತ್ತವೆ. ಬೆಳಿಗ್ಗೆ ಎದ್ದು ಬೆಂಗಳೂರಿನ ಗನ್ ಅಂಗಡಿಗೆ ಹೋದವರು ಸಂಜೆ ಬರಿಗೈಯಲ್ಲಿ ವಾಪಸ್ ಬರುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯವರಿಗೆ ಗೊತ್ತಿರುವ ವಿಷಯ. ಹಾಗೆ ವಾಪಸ್ ಬರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಲೈಸೆನ್ಸ್ ಪುಸ್ತಕದಲ್ಲಿ ಏನೋ ಒಂದು ಸರಿಯಿರುವುದಿಲ್ಲ, ಇಲ್ಲವೇ ಪುಸ್ತಕದಲ್ಲಿ ಹೆಸರಿರುವವರ ಬದಲು ಮನೆಯ ಹುಡುಗ ಹೋಗಿರುತ್ತಾನೆ. ಎರಡನ್ನೂ ಮನೆಯಲ್ಲೇ ಕೂತು ಸರಿಪಡಿಸಿಕೊಂಡು ಹೊರಡಬಹುದು.

ವಯಸ್ಸಿನ ಲೆಕ್ಕ

1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಪ್ರಕಾರ 21 ವರ್ಷ ತುಂಬದವರು ಬಂದೂಕನ್ನಾಗಲಿ, ಅದರ ತೋಟಾಗಳನ್ನಾಗಲಿ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಹಿಂದೆ ಇದು 16 ಇತ್ತು, ತಿದ್ದುಪಡಿಯಾಗಿ 21 ಆಯಿತು. 16 ಎಂದೋ 18 ಎಂದೋ ಹೇಳುವ ಹಿರಿಯರು ಊರಲ್ಲಿ ಇನ್ನೂ ಸಿಗುತ್ತಾರೆ, ಆ ಮಾತು ನಂಬಬೇಡಿ. ಓಟು ಹಾಕುವ ವಯಸ್ಸಿಗೂ ತೋಟಾ ಕೊಳ್ಳುವ ವಯಸ್ಸಿಗೂ ಸಂಬಂಧವಿಲ್ಲ. ಇಪ್ಪತ್ತೊಂದನೇ ವರ್ಷ ನಡೆಯುತ್ತಿದ್ದರೆ ಸಾಲದು, ತುಂಬಿರಬೇಕು. 2005ರ ಆಗಸ್ಟ್ 10ರಂದು ಹುಟ್ಟಿದವರಿಗೆ 2026ರ ಆಗಸ್ಟ್ 10ಕ್ಕೆ 21 ತುಂಬುತ್ತದೆ, ಅದರ ಹಿಂದಿನ ವಾರ ಹೋದರೂ ಅಂಗಡಿಯವರು ಕೊಡುವುದಿಲ್ಲ.

ಈ ಕಲಂನಲ್ಲಿ ಜನ ಗಮನಿಸದೇ ಬಿಡುವ ಪದ ‘ಒಯ್ಯುವುದು’. ಅಪ್ಪನ ಹೆಸರಲ್ಲಿ ಲೈಸೆನ್ಸ್ ಇದೆ, ಮಗನಿಗೆ 19 ವರ್ಷ ಎಂದುಕೊಳ್ಳಿ. ಮಗ ಅಂಗಡಿಯಿಂದ ತೋಟಾ ತಂದರೂ ತಪ್ಪು, ಮನೆಯಿಂದ ತೋಟಕ್ಕೆ ಚೀಲದಲ್ಲಿ ಹಾಕಿಕೊಂಡು ಹೋದರೂ ತಪ್ಪು, ರಾತ್ರಿ ಕಾವಲಿಗೆ ಅಪ್ಪನ ಬದಲು ಅಟ್ಟಣೆ ಮೇಲೆ ಕೋವಿ ಹಿಡಿದು ಕೂತರೂ ತಪ್ಪು. ವಯಸ್ಸಿನ ನಿಯಮ ಅಂಗಡಿಯ ಬಾಗಿಲಲ್ಲೇ ಮುಗಿಯುವುದಿಲ್ಲ, ಕೊನೆಯ ತೋಟಾ ಹಾರುವವರೆಗೂ ಅದರ ಜೊತೆಗೇ ಇರುತ್ತದೆ.

ಇಪ್ಪತ್ತೊಂದು ದಾಟಿದವರಿಗೂ ಇದೇ ಕಲಂನಲ್ಲಿ ಎರಡು ತಡೆಗಳಿವೆ. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾಗಿದ್ದರೆ, ಶಿಕ್ಷೆ ಮುಗಿದ ಮೇಲೆ 5 ವರ್ಷ ತೋಟಾ ಮುಟ್ಟುವಂತಿಲ್ಲ. ಎರಡನೆಯದು ಹಳ್ಳಿಯಲ್ಲಿ ಹೆಚ್ಚು ಎದುರಾಗುವಂಥದ್ದು. ಬದುವಿನ ಜಗಳ ಠಾಣೆಗೆ ಹೋಗಿ, ಅಲ್ಲಿಂದ ತಹಶೀಲ್ದಾರರ ಮುಂದೆ ಹೋಗಿ, ಶಾಂತಿ ಕಾಪಾಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕೆಂದು ಆದೇಶವಾಗುತ್ತದಲ್ಲ, ಜನ ‘107 ಕೇಸು’ ಅನ್ನುವುದು ಇದಕ್ಕೇ. 2024ರ ಜುಲೈನಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂಗೆ ಬಂದಿದೆ. ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ತೋಟಾ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬರೀ ನೋಟಿಸ್ ಬಂದಿದ್ದರೆ ಈ ತಡೆ ಬರುವುದಿಲ್ಲ, ಮುಚ್ಚಳಿಕೆಗೆ ಆದೇಶವಾದಾಗ ಬರುತ್ತದೆ. ಸಣ್ಣ ಕೇಸೆಂದು ತಾತ್ಸಾರ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ.

ವಯಸ್ಸಿಗೆ ಒಂದೇ ಒಂದು ರಿಯಾಯಿತಿ ಇದೆ, ಅದು ಗುರಿ ತರಬೇತಿಗೆ. 12 ವರ್ಷ ಮೇಲ್ಪಟ್ಟವರು ತರಬೇತುದಾರರ ಕಣ್ಣೆದುರಿನಲ್ಲಿ, ನಿಗದಿಪಡಿಸಿದ ಬಂದೂಕುಗಳಿಂದ ಅಭ್ಯಾಸ ಮಾಡಬಹುದು. ತೋಟಾ ಅಲ್ಲೇ ಕೊಟ್ಟು ಅಲ್ಲೇ ಮುಗಿಸುವಂಥದ್ದು, ಹುಡುಗರು ಜೇಬಿನಲ್ಲಿ ಹಾಕಿಕೊಂಡು ಮನೆಗೆ ತರುವಂಥದ್ದಲ್ಲ. ಮಕ್ಕಳಿಗೆ ಆಸಕ್ತಿ ಇದ್ದರೆ ರೈಫಲ್ ಕ್ಲಬ್ಬಿಗೆ ಸೇರಿಸಿ. ಹೊಲದ ಬದುವಿನ ಮೇಲೆ ಡಬ್ಬ ಇಟ್ಟು ಕಲಿಸುವುದು ಬೇಡ.

ಕಾಗದ ಕೊಟ್ಟು ಕಳಿಸಿದರೆ ಆಗುವುದಿಲ್ಲವೇ?

ಕಾಯ್ದೆಯ 3ನೇ ಕಲಂನಲ್ಲಿ ಒಂದು ಅವಕಾಶವಿದೆ. ಲೈಸೆನ್ಸ್‌ದಾರರು ಜೊತೆಯಲ್ಲಿದ್ದರೆ, ಅಥವಾ ಅವರು ಲಿಖಿತ ಅಧಿಕಾರ ಕೊಟ್ಟಿದ್ದರೆ, ರಿಪೇರಿಗೋ, ಲೈಸೆನ್ಸ್ ನವೀಕರಣಕ್ಕೋ, ಲೈಸೆನ್ಸ್‌ದಾರರ ಸ್ವಂತ ಬಳಕೆಗೋ ಬೇರೊಬ್ಬರು ಬಂದೂಕು, ತೋಟಾ ಒಯ್ಯಬಹುದು. ಹಾಗೆ ಒಯ್ಯುವವರಿಗೂ 21 ತುಂಬಿರಲೇಬೇಕು, ಏಕೆಂದರೆ 9ನೇ ಕಲಂನ ತಡೆ ಈ ಅವಕಾಶಕ್ಕಿಂತ ಮೇಲಿನದು. ಲೈಸೆನ್ಸ್‌ನ ಷರತ್ತುಗಳಲ್ಲೂ, ಮಾಲು ಕೈಗೆ ತೆಗೆದುಕೊಂಡವರ ಹೆಸರು, ವಿಳಾಸ ಪುಸ್ತಕದಲ್ಲಿ ಬರೆಯಬೇಕು ಎಂದಿದೆ.

ಕಾನೂನು ಇಷ್ಟು ಜಾಗ ಬಿಟ್ಟಿದ್ದರೂ ಅಂಗಡಿಯವರು ಸಾಮಾನ್ಯವಾಗಿ ಬಿಡುವುದಿಲ್ಲ.

“ಸಾರ್, ಅಪ್ಪಾಜಿಗೆ ಮಂಡಿ ನೋವು. ಲೆಟರ್ ಬರೆದುಕೊಟ್ಟಿದಾರೆ, ಪುಸ್ತಕಾನೂ ತಂದಿದೀನಿ.”

“ಇಲ್ಲ ಕಣಪ್ಪಾ, ಪುಸ್ತಕದಲ್ಲಿ ಫೋಟೋ ಇರೋರೇ ಬರ್ಬೇಕು. ಇವತ್ತಾಗ್ದಿದ್ರೆ ಮುಂದಿನ ವಾರ ಕರ್ಕೊಂಡು ಬಾ.”

ಇದನ್ನು ಅಂಗಡಿಯವರ ದುರಹಂಕಾರ ಎಂದುಕೊಳ್ಳಬೇಡಿ. ಪಡೆಯುವವರಿಗೆ ಹಕ್ಕಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳದೆ ಮಾಲು ಕೈಗೆ ಕೊಟ್ಟರೆ 29ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ತಡೆಯಿರುವವರು ಅಥವಾ ಬುದ್ಧಿಸ್ವಾಸ್ಥ್ಯ ಇಲ್ಲದವರು ಎಂದು ಗೊತ್ತಿದ್ದರೆ, ಹಾಗೆ ನಂಬಲು ಕಾರಣವಿದ್ದರೆ ಸಾಕು, ಅವರಿಗೆ ಮಾರುವುದೇ ನಿಷಿದ್ಧ. ಕೊಳ್ಳಲು ಬಂದವರ ಬಾಯಲ್ಲಿ ಮದ್ಯದ ವಾಸನೆ ಬಂದರೆ, ಸಿಟ್ಟಿನಲ್ಲಿ ಯಾರನ್ನೋ ಬೈಯುತ್ತಾ ಬಂದರೆ ಅನುಭವಸ್ಥ ವ್ಯಾಪಾರಿ ‘ಸ್ಟಾಕ್ ಇಲ್ಲ’ ಎಂದು ಕಳಿಸಿಬಿಡುತ್ತಾರೆ. ಹಾಗೆ ಕಳಿಸುವುದೇ ಸರಿ, ಅಂಥ ಅಂಗಡಿಯ ಮೇಲೆ ನಂಬಿಕೆ ಇಡಬಹುದು.

ಮನೆಯಲ್ಲೇ ಪುಸ್ತಕ ತೆರೆದು ನೋಡಿ

ಮೊದಲು ಮುಗಿಯುವ ದಿನಾಂಕ. 2019ರ ತಿದ್ದುಪಡಿಗಿಂತ ಮುಂಚೆ ಲೈಸೆನ್ಸ್ ಅವಧಿ 3 ವರ್ಷ ಇತ್ತು, ಈಗ 5 ವರ್ಷ. ನಿಮ್ಮ ಪುಸ್ತಕದಲ್ಲಿ ಕೊನೆಯ ಬಾರಿ ನವೀಕರಣವಾದಾಗ ಬರೆದ ದಿನಾಂಕವೇ ಲೆಕ್ಕ, ಐದು ವರ್ಷ ಎಂದು ನೀವೇ ಎಣಿಸಿಕೊಳ್ಳಬೇಡಿ. ಮುಗಿಯಲು ಎರಡು ತಿಂಗಳಿಗಿಂತ ಮುಂಚೆಯೇ ನವೀಕರಣದ ಅರ್ಜಿ ಹಾಕಿ. ಅರ್ಜಿ ಹಾಕಿದ ರಸೀದಿ ತೋರಿಸಿ ತೋಟಾ ಕೇಳಿದರೆ ಅಂಗಡಿಯವರು ಕೊಡುವುದಿಲ್ಲ, ನವೀಕರಣವಾದ ಮೊಹರು ಕಾಣಬೇಕು. ಅದೇ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮೂರನೆಯದು ಇನ್ನೂ ಪುಸ್ತಕದಲ್ಲಿ ಉಳಿದಿದ್ದರೆ ಅದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಎರಡನೆಯದು ಯು.ಐ.ಎನ್. ಸಂಖ್ಯೆ. ರಾಷ್ಟ್ರೀಯ ದತ್ತಾಂಶದಲ್ಲಿ ನಿಮ್ಮ ಲೈಸೆನ್ಸ್ ಸೇರಿದಾಗ ಸಿಗುವ ಸಂಖ್ಯೆ ಇದು. ಇದಿಲ್ಲದ ಲೈಸೆನ್ಸ್ ಊರ್ಜಿತವಲ್ಲ. ತಾತನ ಕಾಲದ ದಪ್ಪ ಪುಸ್ತಕ, ಹಳೆಯ ಮೊಹರುಗಳೆಲ್ಲ ಇದ್ದರೂ ಪ್ರಯೋಜನವಿಲ್ಲ.

ಮೂರನೆಯದು ಆಯುಧದ ವಿವರ. ಯಾವ ಬೋರು (ನಳಿಗೆಯ ಒಳಅಳತೆ), ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಆಯುಧದ ಸಂಖ್ಯೆ ಎಷ್ಟು ಎಂಬುದು ಪುಸ್ತಕದಲ್ಲೂ ಕೋವಿಯ ಮೇಲೂ ಒಂದೇ ಆಗಿರಬೇಕು. ಪುಸ್ತಕದಲ್ಲಿಲ್ಲದ ಆಯುಧಕ್ಕೆ ತೋಟಾ ಸಿಗದು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ನಾಡಕೋವಿಯ ಲೈಸೆನ್ಸ್ ತೋರಿಸಿ 12 ಬೋರ್ ತೋಟಾ ಕೇಳುವವರೂ ಇದ್ದಾರೆ. ಬೆಳೆ ರಕ್ಷಣೆಗೆಂದು ಕೊಟ್ಟ ನಾಡಕೋವಿ ಲೈಸೆನ್ಸಿನಲ್ಲಿ ಅದಕ್ಕೆ ಬೇಕಾದ ಮದ್ದು, ಚರೆ, ಕಿಡಿ ಹೊತ್ತಿಸುವ ಕೇಪು ಮಾತ್ರ ಕೇಳಬಹುದು.

ಹೆಸರು, ವಿಳಾಸವನ್ನೂ ನೋಡಿ. ಲೈಸೆನ್ಸಿನಲ್ಲಿ ಇನಿಷಿಯಲ್ ಮುಂದಿದ್ದು ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಹಿಂದೆ ಬಂದಿರುತ್ತದೆ. ಜನ್ಮದಿನಾಂಕದ್ದೂ ಇದೇ ಕಥೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದರೆ, ಆಧಾರ್‌ನಲ್ಲಿ ಬೇರೊಂದು ದಿನಾಂಕ ಇರುತ್ತದೆ. 45 ವರ್ಷದವರಿಗೆ ಇದರಿಂದ ತೊಂದರೆಯಿಲ್ಲ, 21ರ ಅಂಚಿನಲ್ಲಿರುವವರಿಗೆ ಇದೇ ದೊಡ್ಡ ತಕರಾರು. ಲೈಸೆನ್ಸಿಗೆ ಅರ್ಜಿ ಹಾಕುವ ಮೊದಲೇ ಎರಡನ್ನೂ ಒಂದು ಮಾಡಿಸಿಕೊಳ್ಳಿ.

ಚಿಕ್ಕಬಳ್ಳಾಪುರದವರು ಇನ್ನೊಂದು ವಿಷಯ ಗಮನಿಸಬೇಕು. ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ, ಶಿಡ್ಲಘಟ್ಟ, ಗುಡಿಬಂಡೆಯ ಹಳೆಯ ಪುಸ್ತಕಗಳಲ್ಲಿ ಕೋಲಾರ ಜಿಲ್ಲಾಧಿಕಾರಿಗಳ ಮೊಹರಿರುತ್ತದೆ. ನವೀಕರಣ ಚಿಕ್ಕಬಳ್ಳಾಪುರದಲ್ಲಿ ಆಗಿದ್ದರೆ ಸರಿ, ಆಗಿಲ್ಲದಿದ್ದರೆ ಕಡತ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಿ. ಕೋಲಾರದಲ್ಲಿ ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆ, ಅಲ್ಲಿನವರ ಪೊಲೀಸ್ ವರದಿ ಕೆಜಿಎಫ್ ಎಸ್.ಪಿ. ಕಚೇರಿಯಿಂದ ಬರಬೇಕು, ಲೈಸೆನ್ಸ್ ಕೊಡುವುದು ಮಾತ್ರ ಕೋಲಾರದ ಜಿಲ್ಲಾಧಿಕಾರಿಗಳು.

ಎಷ್ಟು ಕೊಳ್ಳಬಹುದು

ಪುಸ್ತಕದಲ್ಲಿ ಎರಡು ಅಂಕಿ ಇರುತ್ತವೆ. ಒಂದು, ವರ್ಷಕ್ಕೆ ಕೊಳ್ಳಬಹುದಾದದ್ದು. ಇನ್ನೊಂದು, ಒಮ್ಮೆಗೆ ಕೈಯಲ್ಲಿ ಇಟ್ಟುಕೊಳ್ಳಬಹುದಾದದ್ದು. ಇವೆರಡನ್ನೂ ಕಲಸಿಕೊಳ್ಳುವುದೇ ದೊಡ್ಡ ತಪ್ಪು.

ಉದಾಹರಣೆಗೆ, ಪುಸ್ತಕದಲ್ಲಿ ವರ್ಷಕ್ಕೆ 100, ಒಮ್ಮೆಗೆ 50 ಎಂದಿದೆ ಎನ್ನಿ. ಫೆಬ್ರುವರಿಯಲ್ಲಿ 40 ಕೊಂಡಿರಿ, ಅದರಲ್ಲಿ 12 ಖರ್ಚಾಯಿತು, 28 ಉಳಿದಿವೆ. ಆಗಸ್ಟ್‌ನಲ್ಲಿ ಅಂಗಡಿಗೆ ಹೋದಾಗ ವರ್ಷದ ಲೆಕ್ಕದಲ್ಲಿ ಇನ್ನೂ 60 ಬಾಕಿ ಇದೆ. ಆದರೆ ಕೈಯಲ್ಲಿ 28 ಇರುವುದರಿಂದ ಅವತ್ತು ಕೊಳ್ಳಬಹುದಾದದ್ದು 22 ಮಾತ್ರ. ಅಂಗಡಿಯವರಿಗೆ ಕಾಣುವುದು ಪುಸ್ತಕದ ನಮೂದು, ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂಬುದಲ್ಲ. ಹಾಗಾಗಿ ಅವರು 50 ಕೊಟ್ಟರೂ ಕೊಡಬಹುದು, ಮನೆಗೆ ತಂದ ಮೇಲೆ ಷರತ್ತು ಮುರಿದವರು ನೀವೇ ಆಗುತ್ತೀರಿ. ಷರತ್ತು ಉಲ್ಲಂಘನೆಗೆ 30ನೇ ಕಲಂ, 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡಕ್ಕಿಂತ ಲೈಸೆನ್ಸ್ ರದ್ದಾಗುವುದು ದೊಡ್ಡ ಪೆಟ್ಟು.

ಇದಕ್ಕೊಂದು ಚಿಕ್ಕ ನೋಟ್‌ಬುಕ್ ಇಡಿ. ದಿನಾಂಕ, ಕೊಂಡದ್ದು, ಹಾರಿಸಿದ್ದು, ಎಲ್ಲಿ, ಏಕೆ, ಉಳಿದದ್ದು, ಇಷ್ಟು ಸಾಕು. ಹಾರಿಸಿದ ಮೇಲೆ ಉಳಿಯುವ ಖಾಲಿ ಕೋಶಗಳನ್ನು (ತೋಟಾದ ಹೊರಕವಚ) ಬಿಸಾಡದೆ ಒಂದು ಡಬ್ಬದಲ್ಲಿ ಹಾಕಿಡಿ. ಠಾಣೆಯಿಂದ ತಪಾಸಣೆಗೆ ಬಂದಾಗ ಲೆಕ್ಕ ಒಪ್ಪಿಸುವುದು ಆಗ ಒಂದು ಕ್ಷಣದ ಕೆಲಸ.

ಯಾವ ಊರಿನ ಅಂಗಡಿ

ಪಾವಗಡ ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಗೌರಿಬಿದನೂರಿಗೆ ಹಿಂದೂಪುರ ಹತ್ತಿರ, ಮುಳಬಾಗಿಲಿಗೆ ಪಲಮನೇರು ಹತ್ತಿರ, ಕೆಜಿಎಫ್ ಕಡೆಯವರಿಗೆ ತಮಿಳುನಾಡು ಹತ್ತಿರ. ಸಂತೆಗೆ, ಆಸ್ಪತ್ರೆಗೆ ಗಡಿ ದಾಟುವ ಅಭ್ಯಾಸದಲ್ಲೇ ತೋಟಾಕ್ಕೂ ದಾಟಬೇಡಿ. ಪುಸ್ತಕದಲ್ಲಿ ‘ಮಾನ್ಯವಾಗಿರುವ ಪ್ರದೇಶ’ ಎಂಬ ಅಂಕಣವಿದೆ. ಅಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ಗಡಿಯಾಚೆ ನಿಮ್ಮ ಚೀಲದಲ್ಲಿರುವ ತೋಟಾ ಲೈಸೆನ್ಸ್ ಇಲ್ಲದ ತೋಟಾವೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡದ್ದಕ್ಕೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಶಿಕ್ಷೆ. ಜಿಲ್ಲೆ ಎಂದಷ್ಟೇ ಇದ್ದರೆ ಬೆಂಗಳೂರಿಗೆ ಹೋಗುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ.

ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ ಎಂಬ ಮಾತು ಆಗಾಗ ಬರುತ್ತದೆ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಮಾತ್ರ, 2029ರ ಅಕ್ಟೋಬರ್‌ವರೆಗೆ. ತುಮಕೂರಿನ ರೈತರು ಮಡಿಕೇರಿಯ ಸ್ನೇಹಿತರಿಂದ ಹತ್ತು ತೋಟಾ ತರಿಸಿಕೊಂಡರೆ ಕೊಟ್ಟವರೂ ತಂದವರೂ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಅಂಗಡಿಯಲ್ಲಿ

ಹೊರಡುವ ಹಿಂದಿನ ದಿನ ಫೋನ್ ಮಾಡಿ. ನಿಮ್ಮ ಬೋರು ಸ್ಟಾಕ್ ಇದೆಯೇ, ಆಯುಧವನ್ನೂ ತರಬೇಕೇ, ಬಿಡಿಯಾಗಿ ಕೊಡುತ್ತಾರೆಯೇ ಅಥವಾ ಪೂರ್ತಿ ಪೆಟ್ಟಿಗೆಯೇ ಕೊಳ್ಳಬೇಕೇ ಎಂದು ಕೇಳಿ. ಇವು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ. ಮೂಲ ಪುಸ್ತಕ, ಆಧಾರ್, ಎರಡರ ಜೆರಾಕ್ಸ್ ಇಟ್ಟುಕೊಳ್ಳಿ. ಜೆರಾಕ್ಸ್ ಮಾತ್ರ ತಂದರೆ, ಮೊಬೈಲಿನಲ್ಲಿ ಫೋಟೋ ತೋರಿಸಿದರೆ ನಡೆಯುವುದಿಲ್ಲ, ಏಕೆಂದರೆ ಮಾರಾಟವನ್ನು ಮೂಲ ಪುಸ್ತಕದಲ್ಲೇ ಬರೆಯಬೇಕು. ಆಯುಧ ತರಲು ಹೇಳಿದ್ದರೆ ಖಾಲಿ ಮಾಡಿ, ಕಾಣದಂತೆ ಕವರಿನಲ್ಲಿ ಹಾಕಿ ತನ್ನಿ. ಅಂಗಡಿಯೊಳಗೆ ಅವರು ಹೇಳುವವರೆಗೆ ಕವರ್ ಬಿಚ್ಚಬೇಡಿ.

ವ್ಯಾಪಾರಿ ಪುಸ್ತಕ ನೋಡಿ, ತನ್ನ ರಿಜಿಸ್ಟರಿನಲ್ಲಿ ಬರೆದುಕೊಂಡು, ಪುಸ್ತಕದ ಹಿಂದಿನ ಪುಟದಲ್ಲಿ ನಮೂದು ಮಾಡುತ್ತಾರೆ: ಮಾಲಿನ ಬಗೆ, ಎಷ್ಟು, ಯಾವ ದಿನ, ಯಾರ ಕೈಗೆ ಕೊಟ್ಟದ್ದು, ಅವರ ಸಹಿ, ಮೊಹರು. ಅಲ್ಲೇ ನಿಂತು ಇದನ್ನು ಓದಿ. 25 ಕೊಂಡು 52 ಎಂದು ಬರೆದುಬಿಟ್ಟರೆ ಉಳಿದ 27 ಎಲ್ಲಿ ಹೋಯಿತು ಎಂಬುದಕ್ಕೆ ಆಮೇಲೆ ಉತ್ತರ ಕೊಡಬೇಕಾದವರು ನೀವು. ತಪ್ಪಾದರೆ ಬಿಳಿ ಹಚ್ಚಿಸಬೇಡಿ, ಒಂದೇ ಗೀಟು ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿ, ಸಹಿ ಹಾಕಿಸಿ. ಬಿಲ್ಲಿನ ಅಂಕಿ, ಪುಸ್ತಕದ ಅಂಕಿ, ಕೈಯಲ್ಲಿರುವ ತೋಟಾ, ಮೂರೂ ಒಂದೇ ಆದ ಮೇಲೆ ಹಣ ಕೊಡಿ. ‘ಎಂಟ್ರಿ ಆಮೇಲೆ ಮಾಡೋಣ’ ಎನ್ನುವವರ ಹತ್ತಿರ, ದರ ಎಷ್ಟೇ ಕಡಿಮೆ ಇರಲಿ, ಕೊಳ್ಳಬೇಡಿ.

ಕೊಂಡ ತೋಟಾವನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಬಟ್ಟೆ ಅಂಗಡಿಯಂತೆ ಬದಲಿಸಿಕೊಡಲು ಇಲ್ಲಿ ಪ್ರತಿ ಚಲನೆಗೂ ದಾಖಲೆ ಬೇಕು. ಅದಕ್ಕೇ ಕೌಂಟರಿನಲ್ಲೇ ಪರೀಕ್ಷಿಸಬೇಕು.

12 ಬೋರ್ ತೋಟಾದ ಹಿತ್ತಾಳೆ ತಳದ ಮೇಲೆ ಬೋರಿನ ಅಂಕಿ ಅಚ್ಚಾಗಿರುತ್ತದೆ. ಅದನ್ನು ಒಂದೊಂದಾಗಿ ಓದಿ. ಮನೆಯಲ್ಲಿ 20 ಬೋರ್ ಕೋವಿಯೂ ಇದ್ದರೆ ಎರಡರ ತೋಟಾವನ್ನು ಒಂದೇ ಚೀಲದಲ್ಲಿ ಎಂದೂ ಹಾಕಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಕೋವಿ ಖಾಲಿ ಇದ್ದಂತೆ ಕಾಣುತ್ತದೆ. ಅದರ ಹಿಂದೆ 12ರ ತೋಟಾ ತುಂಬಿ ಕುದುರೆ (ಟ್ರಿಗರ್) ಎಳೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಅನೇಕ ತಯಾರಕರು 20 ಬೋರಿಗೆ ಹಳದಿ ಬಣ್ಣ ಇಟ್ಟಿರುವುದು ಇದಕ್ಕೇ.

ಬೋರು ಸರಿಯಿದ್ದರೂ ಉದ್ದ ನೋಡಬೇಕು. ಹಳೆಯ ಜೋಡಿ ನಳಿಗೆಗಳಲ್ಲಿ ತೋಟಾ ಕೂರುವ ಕೋಣೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಹೊಸ ತೋಟಾಗಳು ಸಾಮಾನ್ಯವಾಗಿ 70. ಈ ಉದ್ದ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೋಶದ್ದು, ಆದ್ದರಿಂದ ಹಾರಿಸದ 70ರ ತೋಟಾ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಕೆಳಭಾಗದಲ್ಲಿ ಗುರುತು ಇರುತ್ತದೆ, ಗೊತ್ತಾಗದಿದ್ದರೆ ಕೋವಿ ರಿಪೇರಿ ಮಾಡುವ ಲೈಸೆನ್ಸ್ ಇರುವವರಿಂದ ಅಳೆಸಿ.

ಪಾಯಿಂಟ್ 32ರ ಗೊಂದಲ ಬೇರೆ. ರಿವಾಲ್ವರಿಗೆ ಬೇಕಾದದ್ದು ತಳದಲ್ಲಿ ಅಂಚಿರುವ ಉದ್ದನೆಯ ಪಾಯಿಂಟ್ 32 ಲಾಂಗ್, ಪಿಸ್ತೂಲಿಗೆ ಬೇಕಾದದ್ದು 7.65 ಮಿಲಿಮೀಟರಿನ ಗಿಡ್ಡ ತೋಟಾ. ಎರಡನ್ನೂ ಜನ ‘32’ ಎಂದೇ ಕರೆಯುತ್ತಾರೆ, ಒಂದರ ಬದಲು ಇನ್ನೊಂದು ಬಳಸುವಂತಿಲ್ಲ. ಬರೀ ‘32 ಕೊಡಿ’ ಎನ್ನದೆ ಆಯುಧದ ಹೆಸರನ್ನೂ ಹೇಳಿ.

ನಮ್ಮಲ್ಲಿ ಸಿಗುವ ದೇಶೀಯ ತೋಟಾಗಳಲ್ಲಿ ಪುಣೆಯ ಖಡ್ಕಿ ಕಾರ್ಖಾನೆಯವು ಬಹುಕಾಲದಿಂದ ಪರಿಚಿತ. 2021ರ ಅಕ್ಟೋಬರ್‌ನಿಂದ ಆ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿದೆ, ಪೆಟ್ಟಿಗೆಯ ಮೇಲೆ ಹೊಸ ಹೆಸರು ಕಂಡರೆ ಗಾಬರಿ ಬೇಡ.

ದಾರಿಯಲ್ಲಿ, ಮನೆಯಲ್ಲಿ

ತೋಟಾ ಒಂದು ಚೀಲದಲ್ಲಿ, ಕೋವಿ ಇನ್ನೊಂದರಲ್ಲಿ, ಪುಸ್ತಕ ಜೇಬಿನಲ್ಲಿ. ಸ್ವಂತ ವಾಹನವಾದರೆ ಒಳ್ಳೆಯದು. ನಡುವೆ ಊಟಕ್ಕೆ ನಿಲ್ಲಿಸಿದಾಗ ಚೀಲವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಮನೆಯಲ್ಲಿ ಬೀಗ ಹಾಕುವ ಎರಡು ಜಾಗ ಬೇಕು, ಕೋವಿಗೊಂದು, ತೋಟಾಕ್ಕೊಂದು. ಎರಡೂ ಕೀಲಿಗಳು 21 ತುಂಬದವರ ಕೈಗೆ ಎಟುಕದ ಕಡೆ ಇರಬೇಕು. ದೇವರ ಕೋಣೆಯ ಮೊಳೆಗೆ ನೇತುಹಾಕಿದ ಕೀಲಿ ಮನೆಯ ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ.

ಗೊಬ್ಬರದ ಕೋಣೆಯಲ್ಲಿ, ಕೊಟ್ಟಿಗೆಯಲ್ಲಿ ತೋಟಾ ಇಡಬೇಡಿ. ಯೂರಿಯಾ ತೇವ ಹಿಡಿದಾಗ, ದನದ ಗಂಜಲದಿಂದಲೂ, ಅಮೋನಿಯಾ ಹೊರಬರುತ್ತದೆ. ಅದು ಹಿತ್ತಾಳೆಗೆ ವಿಷ. ನೋಡಲು ಸರಿಯಾಗಿರುವ ಕೋಶದಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳ ಹತ್ತಿರ ಇಟ್ಟ ತೋಟಾಗಳು ಹೀಗೆಯೇ ಸೀಳಿದ್ದವು. ತುಕ್ಕು ಹಿಡಿಯಬಾರದೆಂದು ಎಣ್ಣೆ ಸವರುವುದೂ ತಪ್ಪು, ಎಣ್ಣೆ ತಳದ ಕೇಪಿನೊಳಗೆ ಇಳಿದು ಸಿಡಿಯದಂತೆ ಮಾಡುತ್ತದೆ. ಒಣ ಡಬ್ಬ, ಗಟ್ಟಿ ಮುಚ್ಚಳ, ನೆರಳು, ಇಷ್ಟೇ ಸಾಕು. ಕೋಶ ಉಬ್ಬಿದ್ದರೆ, ಹಸಿರು ಕಿಲುಬು ಏರಿದ್ದರೆ ಅದನ್ನು ಹಾರಿಸಲು ಹೋಗಬೇಡಿ, ಬೇರೆ ಇಡಿ.

ಕುದುರೆ ಎಳೆದರೂ ಸಿಡಿಯದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಆಮೇಲೆ ತೆರೆಯಿರಿ. ‘ಪುಸ್’ ಎಂದು ಕ್ಷೀಣ ಸದ್ದು ಬಂದಿದ್ದರೆ ಎರಡನೆಯದು ಹಾರಿಸಲೇಬೇಡಿ. ಕೋವಿ ಖಾಲಿ ಮಾಡಿ, ತೆರೆದು, ಒಳಗೆ ಏನೂ ಸಿಕ್ಕಿಕೊಂಡಿಲ್ಲವೆಂದು ತಿಳಿಯಲು ತೋಟಾ ಕೂರುವ ಕಡೆಯಿಂದ ನಳಿಗೆಯಲ್ಲಿ ಬೆಳಕು ತೂರುತ್ತದೆಯೇ ನೋಡಿ.

ಲೈಸೆನ್ಸ್ ಇದ್ದರೂ ಹಾರಿಸುವಂತಿಲ್ಲದ ಕಡೆ

ತೋಟಾ ಕೊಳ್ಳುವ ಹಕ್ಕು ಪ್ರಾಣಿ ಕೊಲ್ಲುವ ಹಕ್ಕಲ್ಲ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ನವಿಲು ಮೊದಲನೆಯದರಲ್ಲಿ. ಬೆಳೆ ಹಾಳುಮಾಡುವ ಹಂದಿಯನ್ನೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಹೊಡೆಯುವಂತಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿನ ಸುತ್ತಮುತ್ತಲಿನವರು ಇನ್ನೂ ಎಚ್ಚರದಿಂದಿರಬೇಕು, ಹಂದಿಗೆ ಹಾರಿಸಿದ ಚರೆ ಕತ್ತಲಲ್ಲಿ ಕೃಷ್ಣಮೃಗಕ್ಕೆ ತಗುಲಿದರೆ ಯಾವ ಸಮಜಾಯಿಷಿಯೂ ನಡೆಯದು. ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕುವ ದಾರಿ ಇದೆ, ಅದನ್ನು ಬಳಸಿ.

ಮದುವೆ ಮೆರವಣಿಗೆ, ಜಾತ್ರೆ, ಆಯುಧಪೂಜೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವುದು 2019ರಿಂದ ಪ್ರತ್ಯೇಕ ಅಪರಾಧ. 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋವಿಗೆ ಕುಂಕುಮ ಇಟ್ಟು ಪೂಜೆ ಮಾಡಿ, ಖಾಲಿ ನಳಿಗೆಯಲ್ಲೇ ಮಾಡಿ.

ಚುನಾವಣೆ ಘೋಷಣೆಯಾದಾಗ ಆಯುಧ ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. ಕೋವಿಯ ಜೊತೆ ತೋಟಾವನ್ನೂ ಎಣಿಸಿ ಕೊಡಿ, ರಸೀದಿಯಲ್ಲಿ ಎರಡರ ಲೆಕ್ಕವನ್ನೂ ಬರೆಸಿಕೊಳ್ಳಿ. ಆ ಅವಧಿಯಲ್ಲಿ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ.

ಏರ್‌ಗನ್ ವಿಚಾರ ಸುಲಭ. ಪಾಯಿಂಟ್ 177 ಬೋರಿನ, 20 ಜೌಲ್ ಮೀರದ ಶಕ್ತಿಯವಕ್ಕೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತಿನ ಚೀಟಿ ಕೇಳಿ ಬರೆದುಕೊಂಡರೆ ಕೊಡಿ. ಅದನ್ನೂ ಹಕ್ಕಿಗೆ ಹೊಡೆಯಲು ಹುಡುಗರ ಕೈಗೆ ಕೊಟ್ಟರೆ ವನ್ಯಜೀವಿ ಕಾಯ್ದೆ ಎದುರಾಗುತ್ತದೆ.

ಲೈಸೆನ್ಸ್‌ದಾರರು ತೀರಿಕೊಂಡಾಗ

ಹನ್ನೊಂದನೇ ದಿನದ ಗಡಿಬಿಡಿಯಲ್ಲಿ ಯಾರಿಗೂ ಕೋವಿ ನೆನಪಾಗುವುದಿಲ್ಲ. ಆದರೆ ಲೈಸೆನ್ಸ್‌ದಾರರು ಹೋದ ದಿನವೇ ಮನೆಯಲ್ಲಿರುವ ಕೋವಿ, ತೋಟಾ ಎರಡೂ ಯಾರ ಹೆಸರಿನಲ್ಲೂ ಇಲ್ಲದಂತಾಗುತ್ತವೆ. 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಮಕ್ಕಳಲ್ಲಿ 21 ತುಂಬಿದವರು ವಾರಸುದಾರರಾಗಿ ಅರ್ಜಿ ಹಾಕಬಹುದು, ಉಳಿದ ವಾರಸುದಾರರ ಒಪ್ಪಿಗೆಯನ್ನೂ ಆಗಲೇ ಪಡೆದಿಡಿ. ತಂದೆ ಬದುಕಿರುವಾಗಲೇ ವರ್ಗಾಯಿಸುವುದು ಇದಕ್ಕಿಂತ ಸುಗಮ: ಅವರಿಗೆ 70 ವರ್ಷ ಆಗಿದ್ದರೆ, ಅಥವಾ ಆ ಆಯುಧ 25 ವರ್ಷದಿಂದ ಅವರ ಬಳಿ ಇದ್ದರೆ, 2016ರ ನಿಯಮಗಳಲ್ಲಿ ವಾರಸುದಾರರಿಗೆ ಕೊಡಲು ಅವಕಾಶವಿದೆ.

ಕೋವಿ ಮಾರಿ ಹಲವು ವರ್ಷವಾದ ಮನೆಯಲ್ಲೂ ಬೀರುವಿನ ತಳದಲ್ಲಿ, ಹಳೆಯ ಟ್ರಂಕಿನಲ್ಲಿ ನಾಲ್ಕು ತೋಟಾ ಸಿಗುವುದುಂಟು. ಕೆರೆಗೆ ಎಸೆಯಬೇಡಿ, ಒಲೆಗೆ ಹಾಕಬೇಡಿ, ಬೇರೊಬ್ಬ ಲೈಸೆನ್ಸ್‌ದಾರರಿಗೆ ಸುಮ್ಮನೆ ಕೊಟ್ಟುಬಿಡಬೇಡಿ. ಮುಟ್ಟದೆ ಇದ್ದಲ್ಲೇ ಬಿಟ್ಟು ಠಾಣೆಗೆ ಫೋನ್ ಮಾಡಿ, ಅವರು ಹೇಳಿದಂತೆ ಒಪ್ಪಿಸಿ. ಒಪ್ಪಿಸಿದ ದಿನಾಂಕ, ಎಷ್ಟು, ಯಾವ ಬೋರು ಎಂದು ಬರೆದ ರಸೀದಿಯನ್ನು ಹಳೆಯ ಲೈಸೆನ್ಸ್ ಪುಸ್ತಕದೊಳಗೇ ಮಡಚಿಡಿ.